ತಕ್ಕಡಿಯಕ್ಕ, ದೊಡ್ಡೋನು ಮತ್ತು ಎರಡು ಬಾಟಲಿ

ನಾನು ಈ ಮಹಡಿ ಕೋಣೆಗೆ ಬಾಡಿಗೆಗೆ ಬಂದ ಹೊಸದರಲ್ಲಿ, ಕೆಳಗಿನ ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರೊಬ್ಬರಿದ್ದಾರೆ ಎಂದು ಒಂದು ತಿಂಗಳಿಡೀ ನಂಬಿಕೊಂಡಿದ್ದೆ. ಸುಮ್ಮನೆ ನಂಬಿದ್ದಲ್ಲ, ಸಾಕ್ಷಿ ಇತ್ತು. ದಿನಾ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಒಂದು ಹೆಂಗಸಿನ ದನಿ ಮೆಟ್ಟಿಲು ಹತ್ತಿ ನನ್ನ ಕೋಣೆಗೆ ಬರುತ್ತಿತ್ತು. "ದೊಡ್ಡೋನೇ, ಏಳು. ಕಾಲು ಸರಿಯಾಗಿ ಊರು. ನಿನ್ನೆಗಿಂತ ಇಳಿದುಹೋಗಿದ್ದೀಯಲ್ಲೋ. ನಾಟಕ ಬೇಡ, ತಿನ್ನು." ಮುದುಕರು ಒಂದು ದಿನವೂ ಉತ್ತರ ಕೊಟ್ಟಿದ್ದಿಲ್ಲ. ಪಾಪ, ಲಕ್ವ ಹೊಡೆದಿರಬೇಕು ಎಂದುಕೊಂಡೆ.

ನಾನು ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುವವನು. ಡಬ್ಬಿಯ ಮೇಲೆ ಅಚ್ಚಾಗಿದ್ದನ್ನು ಓದಿ, ಅದು ನನ್ನ ತಲೆಯಿಂದಲೇ ಬಂದದ್ದು ಎನ್ನುವ ಹಾಗೆ ಹೇಳುವುದು ನನ್ನ ಕಸುಬು. ಇಂಥವರಿಗೆ ಪರೋಪಕಾರದ ಹುಚ್ಚು ಬೇಗ ಹತ್ತುತ್ತದೆ. ಒಂದು ಭಾನುವಾರ ಆರು ಕಿತ್ತಳೆ ಹಣ್ಣು ಮತ್ತು ಅಂಗಡಿಗೆ ಮಾದರಿಯೆಂದು ಪುಕ್ಕಟೆ ಬಂದಿದ್ದ ದೊಡ್ಡವರ ಡೈಪರಿನ ಒಂದು ಪೊಟ್ಟಣ ಹಿಡಿದು ಕೆಳಗಿಳಿದೆ. ಬಾಗಿಲು ತೆರೆದಾಕೆಗೆ ಐವತ್ತೆಂಟು ಅರವತ್ತು ಇರಬಹುದು. ಒಂದು ಕಣ್ಣಿಗೆ ಭೂತಗನ್ನಡಿ ಕಟ್ಟಿಕೊಂಡಿದ್ದಳು, ಕೈಯಲ್ಲಿ ಚಿಮಟ.

"ಹಿರಿಯರನ್ನ ಮಾತಾಡಿಸಿಕೊಂಡು ಹೋಗೋಣ ಅಂತ ಬಂದೆ" ಎಂದೆ, ಸಾವಿನ ಮನೆಯಲ್ಲಿ ಬಳಸುವ ದನಿಯಲ್ಲಿ.

ಆಕೆ ಕಿತ್ತಳೆ ನೋಡಿದಳು, ಡೈಪರ್ ನೋಡಿದಳು, ನನ್ನನ್ನು ನೋಡಿದಳು. ಒಳಗೆ ಕರೆದುಕೊಂಡು ಹೋಗಿ ಗೋಡೆ ಬದಿಯ ಪಂಜರದ ಮುಂದೆ ನಿಲ್ಲಿಸಿದಳು. ಒಳಗೆ ಎರಡು ಬಿಳಿ ಇಲಿಗಳು ಒಂದರ ಮೇಲೊಂದು ಒರಗಿ ಕೂತಿದ್ದವು.

"ದಪ್ಪಗಿರೋನು ದೊಡ್ಡೋನು. ಅವನ ಪಕ್ಕದೋನು ಸಣ್ಣೋನು, ತಮ್ಮ. ಮಾತಾಡಿಸು."

ನಾನು ಡೈಪರಿನ ಪೊಟ್ಟಣವನ್ನು ಬೆನ್ನ ಹಿಂದೆ ಸರಿಸಿದೆ.

"ಈ ಡೈಪರಲ್ಲಿ ಅವನಂಥೋರು ಇಪ್ಪತ್ತು ಜನ ಮಲಗಬಹುದು. ಕಿತ್ತಳೆ ಇಟ್ಟು ಹೋಗು. ಅವನಿಗಲ್ಲ, ಗಂಡು ಇಲಿಗೆ ಕಿತ್ತಳೆ ಬೇಡ ಅಂತಾರೆ. ನಂಗೆ."

ಅವತ್ತಿನಿಂದ ನನಗೆ ಆಕೆ ಇಟ್ಟ ಹೆಸರು 'ಮಾತ್ರೆ'. ಬೀದಿಯವರು ಆಕೆಯನ್ನು ಕರೆಯುವುದು ತಕ್ಕಡಿಯಕ್ಕ ಎಂದು.

ತಕ್ಕಡಿಯಕ್ಕ ತಕ್ಕಡಿ ರಿಪೇರಿ ಮಾಡುತ್ತಾಳೆ. ಅದು ಅವಳ ಅಪ್ಪನ ಕಸುಬು. ಮಗನಿಗೆ ಬರಲಿ ಎಂದು ಅಪ್ಪ ಕಲಿಸಹೋದ, ಮಗನಿಗೆ ಒಂದು ಕಡೆ ಕೂರುವ ಮೈಯಲ್ಲ. ಮೂಲೆಯಲ್ಲಿ ಕೂತು ನೋಡುತ್ತಿದ್ದ ಮಗಳಿಗೆ ಬಂದುಬಿಟ್ಟಿತು. ಮುಂದಿನ ಕೋಣೆಯೇ ಅವಳ ಕಾರ್ಖಾನೆ. ಕಿಟಕಿಗೆ ಆನಿಸಿದ ಮೇಜು, ಗಾಳಿ ಸೋಕದಂತೆ ಗಾಜಿನ ಪೆಟ್ಟಿಗೆಯೊಳಗೆ ಕೂತ ಅಕ್ಕಸಾಲಿಗರ ತಕ್ಕಡಿ, ಹೊಟ್ಟೆ ಬಿಚ್ಚಿಕೊಂಡು ತಂತಿ ತೋರಿಸುತ್ತ ಬಿದ್ದಿರುವ ಎಲೆಕ್ಟ್ರಾನಿಕ್ ತಕ್ಕಡಿಗಳು, ಬಟ್ಟೆ ಹಾಸಿದ ಮರದ ಪೆಟ್ಟಿಗೆಯಲ್ಲಿ ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ಮಲಗಿದ ಹಿತ್ತಾಳೆಯ ತೂಕದ ಕಲ್ಲುಗಳು. ಅವುಗಳನ್ನು ಬರಿಗೈಯಲ್ಲಿ ಮುಟ್ಟುವ ಹಾಗಿಲ್ಲ. ಬೆರಳಿನ ಜಿಡ್ಡಿಗೂ ತೂಕವಿದೆಯಂತೆ. ನಾನು ಒಮ್ಮೆ ಮುಟ್ಟಿ ಬೈಸಿಕೊಂಡಿದ್ದೇನೆ.

ಮನುಷ್ಯರ ಬಗ್ಗೆ ಅವಳಿಗೆ ಇರುವಷ್ಟು ತಿರಸ್ಕಾರವನ್ನು ನಾನು ಇನ್ನೊಬ್ಬರಲ್ಲಿ ನೋಡಿಲ್ಲ, ನನ್ನ ಅಂಗಡಿಯ ಯಜಮಾನರನ್ನೂ ಸೇರಿಸಿ. ತಕ್ಕಡಿ ತರುವ ವ್ಯಾಪಾರಿ "ಯಾಕೋ ಸ್ವಲ್ಪ ಹೆಚ್ಚುಕಡಿಮೆ ತೋರಿಸ್ತಿದೆ" ಎಂದರೆ, "ಹೆಚ್ಚಿಗೆ ತೋರಿಸ್ತಾ ಇದ್ದಾಗ ಯಾಕೆ ತರಲಿಲ್ಲ?" ಎನ್ನುತ್ತಾಳೆ. "ಜನ ಹೇಳೋದನ್ನ ಕೇಳಬಾರದು ಕಣೋ, ಮಾತ್ರೆ. ಮುಳ್ಳು ಎಲ್ಲಿ ನಿಂತಿದೆ, ಅಷ್ಟು ನೋಡಬೇಕು." ಇದು ಅವಳ ಜೀವನದ ಒಂದೇ ನಂಬಿಕೆ. ಅದಕ್ಕೆ ಅವಳು ತೆತ್ತದ್ದನ್ನೂ ಹೇಳುತ್ತೇನೆ.

ಇಲಿಗಳು ಬಂದದ್ದೂ ತಕ್ಕಡಿಯ ದೆಸೆಯಿಂದಲೇ. ಒಂದು ಪ್ರಯೋಗಾಲಯದ ತಕ್ಕಡಿ ಸರಿಮಾಡಲು ಹೋಗಿದ್ದಳು. ಅಲ್ಲಿ ಕೆಲಸ ಮುಗಿದ ಮರಿಯಿಲಿಗಳು ಎರಡು ಉಳಿದಿದ್ದವು. ವಾರದೊಳಗೆ ಮುಗಿಸಿಬಿಡುತ್ತೇವೆ ಎಂದರಂತೆ. ರಿಪೇರಿ ಪರೀಕ್ಷಿಸಲು ಅವನ್ನೇ ತೂಗಿ ನೋಡಿದಳು. ಎರಡೂ ತಟ್ಟೆಯ ಮೇಲೆ ಅಲುಗಾಡದೆ ಕೂತವು. "ತೂಗುವಾಗ ಅಲುಗಾಡದೆ ಕೂರೋ ಒಬ್ಬ ಮನುಷ್ಯನ್ನ ತೋರಿಸು ನೋಡೋಣ" ಎನ್ನುವುದು ಅವುಗಳನ್ನು ಮನೆಗೆ ತಂದದ್ದಕ್ಕೆ ಅವಳು ಕೊಡುವ ಕಾರಣ. ಇಂಥ ಕಾರಣಕ್ಕೆ ಇಲಿ ಸಾಕುವವರು ಮದುವೆಯಾಗದೆ ಉಳಿದದ್ದರಲ್ಲಿ ಆಶ್ಚರ್ಯವಿಲ್ಲ ಎಂದು ನನಗನ್ನಿಸಿತ್ತು. ನನಗೂ ಮದುವೆಯಾಗಿಲ್ಲ, ಇಲಿಯೂ ಇಲ್ಲ.

ಅವು ಬಂದು ಎರಡು ವರ್ಷದ ಮೇಲಾಗಿತ್ತು. ದಿನಾ ಬೆಳಿಗ್ಗೆ ಏಳಕ್ಕೆ, ಅನ್ನ ನೀರು ಕೊಡುವ ಮೊದಲು, ಇಬ್ಬರನ್ನೂ ತೂಗಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯುವಳು. ಗ್ರಾಂ ಲೆಕ್ಕ, ಮುಂದೆ ಒಂದೇ ಒಂದು ಪದ. 'ಚೆನ್ನ'. 'ಮಂಕು'. 'ಕಳ್ಳ'. ಪುಟಗಟ್ಟಲೆ ಇದೇ. ಇಲಿಗೆ ಎರಡೂವರೆ ವರ್ಷವೆಂದರೆ ನಮ್ಮ ಎಂಬತ್ತರ ಆಸುಪಾಸು. ದೊಡ್ಡೋನ ಹಿಂಗಾಲು ಆಗಲೇ ಜಾರತೊಡಗಿದ್ದವು.

ಒಂದು ಬೆಳಿಗ್ಗೆ ನಾನೇ ನೋಡಿ ಕಿರುಚಿದೆ. "ಅಕ್ಕಾ, ಇವನ ಕಣ್ಣಲ್ಲಿ ರಕ್ತ!"

"ರಕ್ತ ಅಲ್ಲ. ಇಲಿ ಕಣ್ಣಿನ ನೀರೇ ಕೆಂಪು. ಮೈಗೆ ಹುಷಾರಿಲ್ಲದಾಗ ಜಾಸ್ತಿ ಬರುತ್ತೆ. ಔಷಧಿ ಅಂಗಡೀಲಿ ಇರೋದು ತಾನೇ ನೀನು?"

"ಅದು ಮನುಷ್ಯರ ಔಷಧಿ ಅಂಗಡಿ."

"ಹಾಗಾದ್ರೆ ಮನುಷ್ಯರ ಗತಿ ದೇವರೇ ನೋಡ್ಕೋಬೇಕು."

ಹೀಗೆ ಹೇಳಿದರೂ ಅವತ್ತೇ ಡಾಕ್ಟರ ಹತ್ತಿರ ಹೊರಟಳು, ನನ್ನನ್ನೂ ಎಳೆದುಕೊಂಡು.

ಮೊದಲು ಹೋದದ್ದು ದೊಡ್ಡ ಆಸ್ಪತ್ರೆಗೆ. ಗೋಡೆ ತುಂಬ ನಾಯಿಗಳ ಫೋಟೋ, ಒಂದೊಂದಕ್ಕೂ ನನಗಿಂತ ಒಳ್ಳೆಯ ಕ್ಷೌರ. ಡಾಕ್ಟರು ಪೆಟ್ಟಿಗೆಯೊಳಗೆ ಇಣುಕಿ ಹಲ್ಲು ಕಿರಿದರು. "ಇದು ಇಲಿ ಅಲ್ವೇನಮ್ಮಾ?"

"ಹೌದು. ಅದಕ್ಕೇ ಚೀಟೀಲಿ ಹಸು ಅಂತ ಬರೆಸಿಲ್ಲ."

"ಎರಡು ವರ್ಷ ಬದುಕಿದೆಯಲ್ಲ, ಸಾಕಲ್ವಾ? ಇನ್ನೊಂದು ತಂದ್ರಾಯ್ತು."

"ನಿಮ್ಮ ಮನೇಲಿ ವಯಸ್ಸಾದೋರು ಯಾರಾದ್ರೂ ಇದ್ದಾರಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಎದ್ದಳು. ನಾನು ಡಾಕ್ಟರಿಗೆ ಕ್ಷಮಿಸಿ ಎನ್ನುವಂತೆ ನಕ್ಕೆ. ದೊಡ್ಡ ಮೇಜಿನ ಹಿಂದೆ ಕೂತವರನ್ನು ಕಂಡರೆ ನನ್ನ ಬೆನ್ನು ತಾನಾಗಿ ಬಾಗುತ್ತದೆ.

ಎರಡನೆಯದು ಬೇಕರಿಯ ಮೇಲಿನ ಎರಡು ಕೋಣೆಯ ಚಿಕ್ಕ ಕ್ಲಿನಿಕ್ಕು. ಹಕ್ಕಿ, ಮೊಲ, ಇಂಥವನ್ನು ನೋಡುವ ಡಾಕ್ಟರಮ್ಮ. ನನ್ನ ವಯಸ್ಸಿನವಳೇ, ಆದರೆ ತಿಳಿದವಳು. ದೊಡ್ಡೋನನ್ನು ಟವೆಲಿನಲ್ಲಿ ಸುತ್ತಿ, ಎದೆಗೆ ಸಣ್ಣ ಸ್ಟೆತಾಸ್ಕೋಪ್ ಇಟ್ಟು, ಕಾಲುಗಳನ್ನು ಒಂದೊಂದಾಗಿ ಮಡಿಸಿ ನೋಡಿದಳು.

"ಬೆನ್ನಿನ ನರ ಸವೆದಿದೆ. ವಯಸ್ಸು. ಇದು ವಾಪಸ್ ಬರಲ್ಲ. ಕೀಲುಗಳಲ್ಲಿ ನೋವಿದೆ. ಎದೇಲಿ ಹಳೇ ಸೋಂಕಿನ ಸದ್ದೂ ಇದೆ. ವಾಸಿ ಮಾಡ್ತೀನಿ ಅಂತ ನಾನು ಹೇಳಲ್ಲ. ಇರೋ ದಿನ ಹೇಗಿರಬೇಕು, ಅಷ್ಟೇ ಪ್ರಶ್ನೆ."

"ಹೇಳಿ."

"ಎರಡು ದಾರಿ. ಒಂದು, ನೋವು ಮತ್ತು ಊತದ ಹನಿ. ನಿಧಾನ, ಆದರೆ ಮೈಗೆ ಹಗುರ. ಹೊಟ್ಟೆ, ಕಿಡ್ನಿ ಮೇಲೆ ಕಣ್ಣಿಟ್ಟಿರಬೇಕು. ಇನ್ನೊಂದು ಸ್ಟೆರಾಯ್ಡ್. ಎರಡು ದಿನದಲ್ಲಿ ಕಾಣುತ್ತೆ. ಉಸಿರು ಸಲೀಸು, ಹಸಿವು ಜಾಸ್ತಿ, ಓಡಾಡ್ತಾನೆ. ಆದರೆ ಸೋಂಕು ಒಳಗೊಳಗೇ ಬೆಳೀಬಹುದು, ಸ್ನಾಯು ಕರಗುತ್ತೆ, ಹೃದಯಕ್ಕೂ ಭಾರ. ಅದು ಕೊನೇಗಿಟ್ಟುಕೊಳ್ಳೋ ಔಷಧಿ."

ಇಲ್ಲಿ ನಾನು ಗಂಟಲು ಸರಿಮಾಡಿಕೊಂಡೆ. "ಎರಡನ್ನೂ ಒಟ್ಟಿಗೆ ಕೊಟ್ಟರೆ ಬೇಗ ಗುಣ ಕಾಣಲ್ವಾ?"

"ಒಟ್ಟಿಗೆ ಕೊಟ್ಟರೆ ಹೊಟ್ಟೇಲಿ ಹುಣ್ಣಾಗಿ ರಕ್ತ ಹೋಗಬಹುದು. ನೀವೆಲ್ಲಿ ಕೆಲಸ ಮಾಡೋದು?"

"ಔಷಧಿ ಅಂಗಡೀಲಿ."

"ಯಾವ ಅಂಗಡಿ ಅಂತ ಹೇಳಿ, ನಮ್ಮಮ್ಮನಿಗೆ ಆ ಕಡೆ ಹೋಗಬೇಡ ಅಂತ ಹೇಳ್ತೀನಿ."

ತಕ್ಕಡಿಯಕ್ಕ ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ಮೊದಲನೇದು ಕೊಡಿ" ಎಂದಳು.

ಮೊದಲನೆಯ ಬಾಟಲಿ ಐದು ವಾರ ನಡೆಯಿತು. ಸೂಜಿಯಿಲ್ಲದ ಸಿರಿಂಜಿನಲ್ಲಿ ಹನಿ ಎಳೆದು, ಹಿಸುಕಿದ ಬಾಳೆಹಣ್ಣಿನಲ್ಲಿ ಬೆರೆಸಿ ಚಮಚದ ತುದಿಯಲ್ಲಿ ಹಿಡಿಯುವಳು. ದೊಡ್ಡೋನು ಎರಡೂ ಕೈಯಲ್ಲಿ ಚಮಚ ಹಿಡಿದು ನೆಕ್ಕುತ್ತಿದ್ದ. ಪಂಜರದ ಅಟ್ಟ, ಏಣಿ ಎಲ್ಲ ಕಳಚಿ ನೆಲಮಟ್ಟಕ್ಕೆ ಇಳಿಸಿದಳು. ನೀರಿನ ಬಾಟಲಿಯನ್ನು ಮೂತಿಯ ಎತ್ತರಕ್ಕೆ ತಂದು ಕಟ್ಟಿದಳು. ಹರಿದ ಉಣ್ಣೆಯ ಬಟ್ಟೆ ಹಾಸಿದಳು. ನನ್ನ ಡೈಪರಿಗೂ ಒಂದು ಗತಿಯಾಯಿತು. ಕತ್ತರಿಸಿ ಕೆಳಗೆ ಹಾಸಿದಳು. ದೊಡ್ಡೋನು ಕುಂಟುತ್ತ, ಹಿಂಗಾಲು ಅರೆಬರೆ ಎಳೆಯುತ್ತ, ಆದರೂ ಬಾಗಿಲವರೆಗೆ ಬರುತ್ತಿದ್ದ. ಸಣ್ಣೋನು ಅವನ ಮುಖ ತೊಳೆಯುತ್ತಿದ್ದ. ನೋಟ್‌ಬುಕ್ಕಿನಲ್ಲಿ ತೂಕ ದಿನಕ್ಕೊಂದು ಗ್ರಾಂ ಇಳಿಯುತ್ತಿತ್ತು, ಪಕ್ಕದಲ್ಲಿ ಮಾತ್ರ 'ಚೆನ್ನ', 'ಚೆನ್ನ', 'ಚೆನ್ನ' ಎಂದೇ ಇತ್ತು. ಮುಳ್ಳು ಒಂದು ಹೇಳಿದರೆ ಅವಳು ಇನ್ನೊಂದು ಬರೆದದ್ದು ಅದೇ ಮೊದಲು. ನಾನು ಗಮನಿಸಿದೆ, ಹೇಳಲಿಲ್ಲ. ಗಮನಿಸಿ ಹೇಳದಿರುವುದು ನನ್ನ ಇನ್ನೊಂದು ಕಸುಬು.

ಹೀಗಿರುವಾಗ ತಮ್ಮ ಬಂದ. ಇಲಿಯ ತಮ್ಮನಲ್ಲ, ಇವಳ ತಮ್ಮ. ಒಂದು ಕಡೆ ಕೂರಲಾಗದವನು. ಈಗ ಎರಡು ಬೀದಿ ಆಚೆ ಕಾಳು ಹಿಟ್ಟಿನ ಅಂಗಡಿ ಇಟ್ಟಿದ್ದಾನೆ, ಅಲ್ಲಿ ಕುರ್ಚಿಯೇ ಇಲ್ಲ. ಮೈಯೆಲ್ಲ ಹಿಟ್ಟು, ನಗು ದೊಡ್ಡದು. ಅಕ್ಕ ಸರಿಮಾಡಿಕೊಟ್ಟ ತಕ್ಕಡಿಯಲ್ಲಿ ತೂಗುತ್ತ ಅಕ್ಕನನ್ನೇ ಹಗುರ ಮಾಡುವುದು ಅವನ ಭಾನುವಾರದ ಮನರಂಜನೆ.

"ಅಕ್ಕಾ, ಗಿರಾಕಿಗಳು ಕೇಳ್ತಾರೆ, 'ನಿಮ್ಮಕ್ಕ ಇಲಿ ಸಾಕ್ತಾರಂತೆ, ನಿಮ್ಮ ಹಿಟ್ಟು ತಗೊಳೋದು ಹೇಗೆ' ಅಂತ. ನಾನು ಬೋನು ಇಟ್ಟು ಇಟ್ಟು ಸಾಯ್ತಿದ್ದೀನಿ, ನೀನಿಲ್ಲಿ ಅದಕ್ಕೆ ಚಮಚದಲ್ಲಿ ಬಾಳೆಹಣ್ಣು ತಿನ್ನಿಸ್ತಿದ್ದೀಯ."

"ನಿನ್ನ ಬೋನಿಗೆ ಬೀಳೋದು ದಡ್ಡ ಇಲಿ. ಬುದ್ಧಿಯಿರೋದು ನಿನ್ನ ಹಿಟ್ಟು ಮೂಸಿ ಪಕ್ಕದಂಗಡಿಗೆ ಹೋಗುತ್ತೆ."

ಅಷ್ಟರಲ್ಲಿ ದೊಡ್ಡೋನು ದನಿ ಕೇಳಿ ಗೂಡಿನಿಂದ ಹೊರಟ. ಅವತ್ತು ಉಸಿರೂ ಸರಿಯಿರಲಿಲ್ಲ. ಮುಂಗಾಲಲ್ಲಿ ಒಂದೊಂದೇ ಹೆಜ್ಜೆ ಎಳೆದುಕೊಂಡು, ಹಿಂಭಾಗವನ್ನು ಹೊತ್ತು ತರಲಾಗದೆ ಅರ್ಧ ದಾರಿಯಲ್ಲಿ ಕೂತುಬಿಟ್ಟ.

ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ. "ಒದ್ದೆ ಕಾಲುಚೀಲ ಕಣೇ ಇದು! ಯಾರೋ ಹಿಂಡೋದು ಮರೆತಿದ್ದಾರೆ. ಇದನ್ನ ಬದುಕು ಅಂತೀಯಾ ನೀನು?"

ನನಗೂ ನಗು ಬಂತು. ಬಂದದ್ದನ್ನು ತಡೆದೆ ಎಂದು ಬರೆದರೆ ಸುಳ್ಳಾಗುತ್ತದೆ. ತಕ್ಕಡಿಯಕ್ಕ ನಮ್ಮಿಬ್ಬರ ಹಲ್ಲುಗಳನ್ನೂ ನೋಡಿದಳು. ಮಾರನೆಯ ದಿನ ಬೇಕರಿ ಮೇಲಿನ ಮೆಟ್ಟಿಲು ಹತ್ತಿ ಎರಡನೆಯ ಬಾಟಲಿ ಕೇಳಿದಳು.

"ಈಗಲೇನಾ? ಮೊದಲನೇದರಲ್ಲಿ ಇನ್ನೂ ಸ್ವಲ್ಪ ದಿನ ನೋಡಬಹುದಿತ್ತು. ನೋವಿನ ಹನಿ ಸ್ವಲ್ಪ ಏರಿಸಬಹುದು, ಉಸಿರಿಗೆ ಬೇರೆ ಕೊಡ್ತೀನಿ" ಎಂದಳು ಡಾಕ್ಟರಮ್ಮ.

"ಓಡಾಡ್ತಾನೆ ಅಂದಿರಲ್ಲ."

"ಓಡಾಡ್ತಾನೆ. ಎಷ್ಟು ದಿನ ಅಂತ ಹೇಳಲಾರೆ."

"ಕೊಡಿ."

ಡಾಕ್ಟರಮ್ಮ ಕೊಟ್ಟಳು, ಎರಡು ಷರತ್ತು ಹಾಕಿ. ಒಂದು, ಹಳೆಯ ಹನಿ ನಿಲ್ಲಿಸಿ ಐದು ದಿನ ಬಿಟ್ಟೇ ಹೊಸದು ಶುರುಮಾಡಬೇಕು; ಆ ಐದು ದಿನಕ್ಕೆ ಬೇರೆ ಜಾತಿಯ ನೋವಿನ ಔಷಧಿ. ಇನ್ನೊಂದು, ಎರಡು ವಾರಕ್ಕೆ ಸರಿಯಾಗಿ ಬಂದು ತೋರಿಸಬೇಕು.

ಮೊದಲ ಷರತ್ತನ್ನು ಅಕ್ಷರಶಃ ಪಾಲಿಸಿದಳು. ಮೂರನೆಯ ದಿನ ದೊಡ್ಡೋನು ಮುದುಡಿ ಕೂತದ್ದನ್ನು ನೋಡಲಾರದೆ ನಾನು, "ಮೂರು ದಿನ ಆಯ್ತಲ್ಲ ಅಕ್ಕಾ, ಸಾಕಲ್ವಾ?" ಎಂದೆ. "ಐದು ಅಂದರೆ ಐದು. ನೂರು ಗ್ರಾಮಿಗೆ ಅರವತ್ತು ತೂಗಿ ಕೊಡೋ ಬುದ್ಧಿ ನನ್ನ ತಮ್ಮಂದು, ನಿನಗೆಲ್ಲಿಂದ ಬಂತು?" ಎಂದಳು.

ಆರನೆಯ ದಿನ ಸ್ಟೆರಾಯ್ಡ್ ಶುರುವಾಯಿತು. ಎಂಟನೆಯ ದಿನ ನಾನು ಹಲ್ಲುಜ್ಜುತ್ತ ಕೆಳಗಿಳಿದರೆ ದೊಡ್ಡೋನು ಪಂಜರದ ಸರಳು ಹಿಡಿದು ಎದ್ದು ನಿಂತಿದ್ದ. ಹಿಂಗಾಲು ಗಟ್ಟಿಯಾಗಿರಲಿಲ್ಲ, ಆದರೂ ನಿಂತಿದ್ದ. ತಿಂದ. ಕದ್ದ. ನನ್ನ ಅಂಗಿಯ ಗುಂಡಿ ಕಿತ್ತುಕೊಂಡು ಹೋಗಿ ಗೂಡಿನಲ್ಲಿಟ್ಟ. ನೋಟ್‌ಬುಕ್ಕಿನಲ್ಲಿ 398 ಇದ್ದದ್ದು 402 ಆಯಿತು, 409 ಆಯಿತು. ಪಕ್ಕದಲ್ಲಿ ಮತ್ತೆ 'ಕಳ್ಳ' ಬಂತು.

ತಮ್ಮನಿಗೆ ಹೇಳಿಕಳಿಸಿದಳು. ವರ್ಷಕ್ಕೊಮ್ಮೆಯೂ ಅವನನ್ನು ಕರೆಯದವಳು. ಅವನು ಬಂದು ಪಂಜರಕ್ಕೆ ಕೈಯಿಟ್ಟ, ದೊಡ್ಡೋನು ಅವನ ಅಂಗಿಯ ತೋಳಂಚನ್ನು ಕಚ್ಚಿ ಹಿಡಿದು ಜಗ್ಗಿದ. ಕೊಡವಿದರೂ ಬಿಡಲಿಲ್ಲ.

"ಹಿಂಡು ನೋಡೋಣ ಈ ಕಾಲುಚೀಲನ" ಎಂದಳು ತಕ್ಕಡಿಯಕ್ಕ. ನಕ್ಕಳು. ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಸಾಕಷ್ಟು ಕೆಟ್ಟ ನಗು.

ಎರಡು ವಾರವಾಯಿತು. ಡಾಕ್ಟರಮ್ಮನ ಹತ್ತಿರ ಹೋಗಲಿಲ್ಲ.

"ಹೋಗೋದಲ್ವಾ ಅಕ್ಕಾ?"

"ಏನು ತೋರಿಸೋಕೆ? 415 ಆಗಿದ್ದಾನೆ. ಮುಳ್ಳು ಮೇಲೆ ಹೋಗ್ತಿದೆ. ತೂಕ ಏರಿದ್ರೆ ಒಳ್ಳೇದು ತಾನೇ, ಮಾತ್ರೆ?"

ನನ್ನ ಅಭಿಪ್ರಾಯವನ್ನು ಅವಳು ಕೇಳಿದ್ದು ಅದೇ ಮೊದಲು. ಉಬ್ಬಿಹೋದೆ. ಕೌಂಟರಿನ ದನಿ ತಾನಾಗಿ ಹೊರಟಿತು. "ಖಂಡಿತ ಒಳ್ಳೇದು. ಔಷಧಿ ಮೈಗೆ ಹಿಡೀತಿದೆ ಅಂತ ಅರ್ಥ." ಯಾವ ಡಬ್ಬಿಯ ಮೇಲೂ ಬರೆಯದಿದ್ದುದನ್ನು ನಾನಾಗಿ ಹೇಳಿದ್ದು ಅದೊಂದೇ ಸಲ. ಅದೂ ತಪ್ಪು.

ಮೂರು ವಾರ ಕಳೆದ ಮೇಲೆ ದೊಡ್ಡೋನು ಮೂಲೆ ಹಿಡಿದ. ತೂಕ ಮಾತ್ರ ಏರುತ್ತಲೇ ಇತ್ತು. 422. 426. ಎತ್ತಿಕೊಂಡಾಗ ಬೆನ್ನು ಬಾಚಣಿಗೆಯ ಹಾಗೆ ಕಾಣುತ್ತಿತ್ತು, ಹೊಟ್ಟೆ ಮಾತ್ರ ಉಬ್ಬಿದ ಚೀಲ. ಸಣ್ಣೋನು ಪಕ್ಕದಲ್ಲಿ ಮಲಗುವುದನ್ನು ಬಿಟ್ಟು ಆಚೆ ಮೂಲೆಗೆ ಹೋಗಿದ್ದ. ಇಷ್ಟು ನನಗೆ ಕಂಡಿತು. ನಲವತ್ತು ವರ್ಷ ಕೂದಲೆಳೆಯ ತೂಕ ಹಿಡಿದ ಕಣ್ಣಿಗೆ ಕಾಣಲಿಲ್ಲ. ದಿನಾ ಏಳಕ್ಕೆ ತಟ್ಟೆಯ ಮೇಲಿಡುವಳು, ಅಂಕಿ ನೋಡುವಳು, ಮುಖ ಅರಳುವುದು, ಬರೆಯುವಳು. ಒಳ್ಳೆಯ ತಕ್ಕಡಿ ಕೈಯಲ್ಲಿದ್ದವರು ಇಷ್ಟು ಕುರುಡರಾಗಬಹುದು ಎಂದು ನನಗೆ ಗೊತ್ತಿರಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ತೂಕ ಏರಿದರೆ ಒಳ್ಳೆಯದು ಎಂದು ಸರ್ಟಿಫಿಕೇಟು ಕೊಟ್ಟವನು ಯಾವ ಮುಖ ಹೊತ್ತು ಹೇಳಲಿ?

ಮೂಲೆ ಹಿಡಿದ ಒಂಬತ್ತನೆಯ ಬೆಳಿಗ್ಗೆ 431. ಚಮಚ ಹಿಡಿದರೆ ದೊಡ್ಡೋನು ಕೈ ಎತ್ತಲಿಲ್ಲ. ಪಕ್ಕೆಗಳು ಪಟಪಟ ಬಡಿಯುತ್ತಿದ್ದವು, ಬಾಯಿ ತೆರೆದು ಉಸಿರೆಳೆಯುತ್ತಿದ್ದ. ಅವಳು ಅಂಕಿಯನ್ನು ನೋಡಿದಳು, ಅವನನ್ನು ನೋಡಿದಳು, ತಟ್ಟೆ ಖಾಲಿ ಮಾಡಿ ಕಲ್ಲಿಟ್ಟು ತಕ್ಕಡಿಯನ್ನು ಪರೀಕ್ಷಿಸಿದಳು. ಸರಿಯಿತ್ತು. ಆಮೇಲೆ ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಹೊರಟಳು. ನಾನು ಚಪ್ಪಲಿ ಹಿಡಿದು ಹಿಂದೆ ಓಡಿದೆ.

ಡಾಕ್ಟರಮ್ಮ ಹೊಟ್ಟೆ ಮುಟ್ಟಿದವಳೇ ಹೇಳಿದಳು. "ಇದು ಮಾಂಸ ಅಲ್ಲ, ನೀರು. ಹೃದಯ ಸೋತಿದೆ. ಬೆನ್ನು ನೋಡಿ, ಏನೂ ಉಳಿದಿಲ್ಲ."

"ನನ್ನ ತಕ್ಕಡಿ…"

"ನಿಮ್ಮ ತಕ್ಕಡಿ ಸರಿಯಾಗೇ ಇದೆ. ಎರಡು ವಾರಕ್ಕೆ ಬನ್ನಿ ಅಂದಿದ್ದೆ. ಬಂದಿದ್ರೆ ಸ್ಟೆರಾಯ್ಡ್ ಇಳಿಸಿ, ನೀರು ಹೋಗೋಕೆ ಏನಾದ್ರೂ ಮಾಡಬಹುದಿತ್ತು. ಬದುಕಿಸ್ತಿದ್ದೆ ಅನ್ನಲ್ಲ. ಉಸಿರುಗಟ್ಟೋದನ್ನ ತಪ್ಪಿಸ್ತಿದ್ದೆ."

"ಈಗ?"

"ಈಗ ಕಳಿಸಿಕೊಡೋದೇ ದಯೆ. ಮೊದಲು ಮಂಪರು ಬರಿಸ್ತೀನಿ. ಆಮೇಲಿನ ಸೂಜಿ ಅವನಿಗೆ ಗೊತ್ತಾಗಲ್ಲ."

"ನಾನೇ ಹಿಡ್ಕೋತೀನಿ."

ಹಿಡಿದುಕೊಂಡಳು. ಅಲುಗಾಡದೆ. ಮುಗಿಯಲು ಬಹಳ ಹೊತ್ತು ಬೇಕಾಗಲಿಲ್ಲ. ನಾನು ಗೋಡೆಯ ಮೇಲಿನ ಗಿಣಿಗಳ ಚಿತ್ರಪಟ ಓದುತ್ತ ನಿಂತಿದ್ದೆ. ಈಗಲೂ ಗಿಣಿಗೆ ಯಾವ ಯಾವ ವಿಟಮಿನ್ ಬೇಕು ಎಂದು ಬಾಯಿಪಾಠ ಹೇಳಬಲ್ಲೆ.

ಮರುದಿನ ತಮ್ಮ ಬಂದ, ಹಿಟ್ಟಿನ ಕೈ ಒರೆಸಿಕೊಳ್ಳುತ್ತ. "ಹೋಯ್ತಂತೆ? ಹೋಗ್ಲಿ ಬಿಡು ಅಕ್ಕಾ. ಉಳಿದಿರೋ ಇನ್ನೊಂದು ಎಷ್ಟು ದಿನ ಇರುತ್ತೆ?" ಅವಳು ಸುಮ್ಮನೆ ಬಾಗಿಲು ತೋರಿಸಿದಳು. ಅವನು ಹೋದ. ಸಣ್ಣೋನು ಉಣ್ಣೆ ಬಟ್ಟೆಯಡಿ ಹುದುಗಿದ್ದ. ಆವತ್ತು ಅವನನ್ನು ತೂಗಲಿಲ್ಲ. ಬೆನ್ನ ಮೇಲೆ ಬೆರಳಾಡಿಸಿ, ಹೊಟ್ಟೆ ಮುಟ್ಟಿ, ಉಸಿರು ಆಲಿಸಿ ವಾಪಸ್ ಬಿಟ್ಟಳು. ಆಮೇಲೆ ಯಾರದೋ ತಕ್ಕಡಿ ಬಿಚ್ಚಿಕೊಂಡು ಕೂತಳು.

ನಾನು ಎದುರಿಗೆ ಸ್ಟೂಲು ಎಳೆದುಕೊಂಡು ಕೂತೆ. ನನಗೆ ಬೇಕಾಗಿದ್ದದ್ದು ಒಂದೇ ಮಾತು: ನಿಂದೇನೂ ತಪ್ಪಿಲ್ಲ ಎಂದು ಅವಳ ಬಾಯಿಂದ ಬರಬೇಕಿತ್ತು. ಅದನ್ನು ಕೇಳುವ ಧೈರ್ಯವಿಲ್ಲದೆ ಅವಳ ತಪ್ಪನ್ನು ಕೆದಕಲು ಹೊರಟೆ. ಹೇಡಿಗಳ ಕ್ರಮವೇ ಅದು.

"ಅಕ್ಕಾ, ಒಂದು ಕೇಳ್ಲಾ? ಬೇಜಾರು ಮಾಡ್ಕೋಬೇಡಿ. ಆ ಸ್ಟೆರಾಯ್ಡ್ ಕೊಟ್ಟಿದ್ದು ಅವನಿಗೋಸ್ಕರಾನಾ, ನಿಮಗೋಸ್ಕರಾನಾ?"

ಅವಳು ಚಿಮಟ ಕೆಳಗಿಡಲಿಲ್ಲ, ತಲೆಯೂ ಎತ್ತಲಿಲ್ಲ.

"ನನಗೋಸ್ಕರ. ನೀವಿಬ್ಬರು ನಕ್ಕಿರಲ್ಲ, ಅದಕ್ಕೆ. ಮೊದಲ ಮೂರು ವಾರ ಅವನಿಗೂ ಸುಖ ಇತ್ತು. ಆಮೇಲಿನ ಒಂಬತ್ತು ದಿನ ಬರೀ ನಂದು. ಈಗ ಎದ್ದು ಆಚೆ ಹೋಗು, ಬೆಳಕಿಗೆ ಅಡ್ಡ ಕೂತಿದ್ದೀಯ."